ಹೊಳಿ ಕಾಣ್ತದ, ನೀರು ತಗೊಂಡು ಹೋಗ್ರಿ

ಮುಂಬೈ–ಚೆನ್ನೈ ರೈಲುಗಳಲ್ಲಿ ಓಡಾಡಿದವರು ಯಾದಗಿರಿ ಗುಡ್ಡವನ್ನು ಒಮ್ಮೆಯಾದರೂ ನೋಡಿರುತ್ತಾರೆ. ವಾಡಿ ದಾಟಿ, ನಾಲವಾರ ದಾಟಿ, ಬಯಲನ್ನೇ ನೋಡಿ ನೋಡಿ ಕಣ್ಣು ಸೋತಿರುವಾಗ ಒಮ್ಮೆಲೇ ಬಂಡೆಗಳ ರಾಶಿಯೊಂದು ಎದ್ದು ನಿಲ್ಲುತ್ತದೆ. ಅದರ ನೆತ್ತಿಯ ಮೇಲೆ ಕೋಟೆಯ ಗೋಡೆ. ಗಾಡಿ ಒಂದೆರಡು ನಿಮಿಷ ನಿಂತು ಹೊರಡುತ್ತದೆ. ಕಿಟಕಿಯಲ್ಲಿ ಕೂತವರು ಮೊಬೈಲು ತೆಗೆಯುವಷ್ಟರಲ್ಲಿ ಗುಡ್ಡ ಹಿಂದೆ ಸರಿದಿರುತ್ತದೆ. ಊರಿನಲ್ಲೇ ಹುಟ್ಟಿ ಬೆಳೆದವರನ್ನು ಕೇಳಿದರೂ ಉತ್ತರ ಹೆಚ್ಚುಕಡಿಮೆ ಒಂದೇ: "ಸಾಲಿಗೆ ಹೋಗೂ ಮುಂದ ಒಮ್ಮೆ ಹತ್ತಿದ್ದೆ ನೋಡ್ರಿ."

ನಡಿಗೆ ದೊಡ್ಡದೇನಲ್ಲ. ಊರಿನ ಮಟ್ಟದಿಂದ ನೆತ್ತಿಗೆ ಸುಮಾರು 100 ಮೀಟರ್ ಎತ್ತರ. ಗುಡ್ಡ 850 ಮೀಟರ್ ಉದ್ದ, 500 ಮೀಟರ್ ಅಗಲ ಎಂದು ಲೆಕ್ಕ ಕೊಡುತ್ತಾರೆ. ಹಳೆಯ ಊರಿನ ಓಣಿಗಳ ಬೆನ್ನಿಗೇ ಏರು ಶುರುವಾಗುತ್ತದೆ. ನಿಂತು, ಕೂತು, ಉಸಿರು ಎಳೆದುಕೊಂಡು ಹೋದರೂ ಮುಕ್ಕಾಲು ಗಂಟೆ ಸಾಕು. ಮೇಲೆ ಹೋಗಿ ನೈಋತ್ಯಕ್ಕೆ ಮುಖ ಮಾಡಿದರೆ ಭೀಮಾ ನದಿ.

ಮೊದಲ ಸಲ ನಾನು ಹತ್ತಿದ್ದು ಏಪ್ರಿಲ್ ತಿಂಗಳಲ್ಲಿ, ಬೆಳಗಿನ ಹನ್ನೊಂದಕ್ಕೆ, ಅರ್ಧ ಲೀಟರಿನ ಒಂದೇ ಬಾಟಲಿ ಹಿಡಿದುಕೊಂಡು. ಇಷ್ಟು ಹೇಳಿದರೆ ಈ ಕಡೆಯವರಿಗೆ ನನ್ನ ಬುದ್ಧಿಯ ಅಳತೆ ಸಿಕ್ಕಿಬಿಡುತ್ತದೆ. ಬುಡದಲ್ಲಿ ಮನೆಯ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದ ಅಜ್ಜಿಯೊಬ್ಬರು ಬಾಟಲಿ ನೋಡಿ ಕೇಳಿದರು: "ಇದೊಂದೇ ಏನ್ರೀ ತಮ್ಮಾ?"

"ಮ್ಯಾಲಿಂದ ಹೊಳಿ ಕಾಣ್ತದಂತಲ್ಲ ಯವ್ವಾ," ಅಂದೆ, ಏನೋ ಜಾಣತನ ಅಂದುಕೊಂಡು.

"ಕಾಣ್ತದ. ಕಂಡ್ರ ಕುಡ್ಯಾಕ ಬರ್ತದೇನು?"

ಅರ್ಧ ದಾರಿಯಲ್ಲೇ ಬಾಟಲಿ ಖಾಲಿಯಾಯಿತು. ಆವತ್ತು ನಾನು ನೆತ್ತಿ ಮುಟ್ಟಲಿಲ್ಲ. ಆದರೆ ಆ ಮಾತು ಅಲ್ಲಿಂದೀಚೆಗೆ ಪ್ರತಿ ಸಲವೂ ನನಗಿಂತ ಮುಂಚೆ ಗುಡ್ಡ ಹತ್ತಿ ಕೂತಿರುತ್ತದೆ. ಈ ಗುಡ್ಡ, ಕೆಳಗಿನ ಊರು, ಹೊಳೆಯಾಚೆಯ ಶಹಾಪುರ, ಸುರಪುರ ಎಲ್ಲವುಗಳ ಕಥೆಯನ್ನು ಅಜ್ಜಿ ಒಂದೇ ಪ್ರಶ್ನೆಯಲ್ಲಿ ಮುಗಿಸಿಬಿಟ್ಟಿದ್ದರು.

ಮೊದಲು ಕಲ್ಲಿನ ಮಾತು. ಯಾದಗಿರಿಯಿಂದ ವಾಯವ್ಯಕ್ಕೆ ಹೋದರೆ ಸುಣ್ಣಕಲ್ಲಿನ ಸೀಮೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಪರಸಿ ಬರುವುದು ಅಲ್ಲಿಂದ. ಅದಕ್ಕೂ ಆಚೆ ಲಾವಾ ಹರಿದು ಗಟ್ಟಿಯಾದ ಕಪ್ಪುಕಲ್ಲು, ಅದು ಪುಡಿಯಾಗಿ ಆದ ಎರೆನೆಲ. ಯಾದಗಿರಿಗೆ ಬರುವಷ್ಟರಲ್ಲಿ ಆ ಎರಡೂ ಹೊದಿಕೆಗಳು ಮುಗಿದು ತಳದ ಗ್ರಾನೈಟು ಮೈ ತೋರಿಸುತ್ತದೆ. ಸುಮಾರು 250 ಕೋಟಿ ವರ್ಷದ ಮುದುಕ ಅದು. ನೆಲದೊಳಗಿದ್ದಾಗಲೇ ಅದರ ಬಿರುಕುಗಳಿಗೆ ನೀರು ಇಳಿದು, ಮೂಲೆಗಳು ಮೊದಲು ಕೊಳೆತು, ಚೌಕದ ತುಂಡುಗಳೆಲ್ಲ ಗುಂಡಗಾಗುತ್ತವೆ. ಮೇಲಿನ ಮಣ್ಣು ತೊಳೆದುಹೋದ ಮೇಲೆ ಆ ಗುಂಡುಗಳು ಒಂದರ ಮೇಲೊಂದು ಹಾಗೇ ಉಳಿಯುತ್ತವೆ. ಯಾರೋ ದೈತ್ಯ ಆಡಿ ಬಿಟ್ಟು ಹೋದ ಗೋಲಿಗಳಂತೆ ಕಾಣುವುದು ಹೀಗೆ.

ಕೋಟೆ ಕಟ್ಟಿದವರಿಗೆ ಇದು ಬಿಟ್ಟಿ ಸಿಕ್ಕ ಗೋಡೆ. ಬಂಡೆ ಇದ್ದಲ್ಲಿ ಬಂಡೆಯೇ ಗೋಡೆ. ಎರಡು ಬಂಡೆಗಳ ನಡುವೆ ಸಂದಿ ಇದ್ದಲ್ಲಿ ಮಾತ್ರ ಕಲ್ಲು ಕಟ್ಟಿ ತುಂಬಿದ್ದಾರೆ. ಹತ್ತುವಾಗ ಗಮನಿಸಿ: ದಾರಿ ಎಲ್ಲಿಯೂ ನೆಟ್ಟಗೆ ಬಾಗಿಲಿಗೆ ಹೋಗುವುದಿಲ್ಲ. ತಿರುಗಿ, ಬಂಡೆಯ ಮಗ್ಗುಲು ಹಾದು, ಮತ್ತೆ ತಿರುಗಿ ಒಳಗೆ ಬಿಡುತ್ತದೆ. ಓಡಿ ಬಂದು ಗುದ್ದಲು ಆನೆಗೆ ಜಾಗ ಸಿಗಬಾರದು, ಒಳನುಗ್ಗಿದವನ ಬೆನ್ನು ಮೇಲಿನವರ ಕೈಗೆ ಸಿಗಬೇಕು ಎಂಬ ಲೆಕ್ಕ. ಕಲ್ಯಾಣದ ಚಾಲುಕ್ಯರು, ಊರಿಗೆ ಹೆಸರು ಕೊಟ್ಟರೆಂದು ಹೇಳುವ ಯಾದವರು, ಬಹಮನಿಗಳು, ಆದಿಲ್‌ಶಾಹಿಗಳು, ಕೊನೆಗೆ ನಿಜಾಮರು — ಯಜಮಾನರ ಪಟ್ಟಿ ಉದ್ದ. ಅವರೆಲ್ಲ ಬಿಟ್ಟುಹೋದ ಗುಡಿ, ಮಸೀದಿ, ತೋಪು ಮೇಲಿವೆ. ಅವುಗಳ ಮೇಲೆ ನಮ್ಮ ಕಾಲದವರು ಬಣ್ಣದಲ್ಲಿ ಬರೆದ ಪ್ರೇಮದ ಹೆಸರುಗಳೂ ಇವೆ. ಶಾಸನ ಬರೆಸುವ ಚಟ ರಾಜರಿಗೆ ಮಾತ್ರ ಇತ್ತು ಅಂದುಕೊಳ್ಳಬೇಡಿ.

ನಾನು ಹೆಚ್ಚು ಹೊತ್ತು ನಿಲ್ಲುವುದು ತೋಪಿನ ಹತ್ತಿರವಲ್ಲ, ನೀರಿನ ಹೊಂಡಗಳ ಹತ್ತಿರ. ಶತ್ರು ಬಂದು ಸುತ್ತುವರಿದ ಎಂದುಕೊಳ್ಳಿ. ಎರಡು ಮೂರು ಕಿಲೋಮೀಟರ್ ದೂರದಲ್ಲಿ ಭೀಮೆ ಹರಿಯುತ್ತಿದ್ದಾಳೆ, ಕಣ್ಣಿಗೆ ಕಾಣುತ್ತಿದ್ದಾಳೆ. ಆದರೆ ದಂಡೆಯಲ್ಲಿ ಅವನ ಕುದುರೆಗಳು ನೀರು ಕುಡಿಯುತ್ತಿವೆ. ಹೊಳೆ ಅತಿ ಹೆಚ್ಚು ಬೇಕಾದ ದಿನವೇ ಹೊಳೆ ಕೈಗೆ ಸಿಗದು. ಹಾಗಾಗಿ ಮೇಲಿನವರು ಆಕಾಶವನ್ನೇ ನಂಬಿದರು. ಈ ಭಾಗದಲ್ಲಿ ವರ್ಷಕ್ಕೆ ಬೀಳುವುದು ಅಂದಾಜು 600ರಿಂದ 800 ಮಿಲಿಮೀಟರ್ ಮಳೆ. ಒಂದು ಗುಂಟೆ ಎಂದರೆ ಹೆಚ್ಚುಕಡಿಮೆ ನೂರು ಚದರ ಮೀಟರ್. 700 ಮಿಲಿಮೀಟರ್ ಮಳೆ ಒಂದು ಗುಂಟೆ ಬಂಡೆಯ ಮೇಲೆ ಬಿದ್ದರೆ 70,000 ಲೀಟರ್ ನೀರಾಗುತ್ತದೆ. ಹೊಲವಾಗಿದ್ದರೆ ಮಣ್ಣು ಕುಡಿಯುತ್ತಿತ್ತು. ಬಂಡೆ ಕುಡಿಯುವುದಿಲ್ಲ, ಜಾರಿಸಿ ಬಿಡುತ್ತದೆ. ಅರ್ಧ ಹಾಳಾಯಿತೆಂದರೂ ಗುಂಟೆಗೆ 35,000 ಲೀಟರ್ ಉಳಿಯಿತು. ಗುಡ್ಡದ ಮೇಲೆ ಅಂಥ ಗುಂಟೆಗಳು ನೂರಾರು. ಇಳಿಜಾರು ಎಲ್ಲಿ ಕೂಡುತ್ತದೋ ಅಲ್ಲಿ ಕಲ್ಲು ಕಡಿದು ಹೊಂಡ ಮಾಡಿ, ನೀರು ಸೋರುವ ಬಾಯಿಗೆ ಕಟ್ಟೆ ಕಟ್ಟಿದರೆ ಮುಂದಿನ ಮಳೆಯವರೆಗೆ ಬದುಕು.

ಇದರಲ್ಲೂ ಒಂದು ಸೂಕ್ಷ್ಮವಿದೆ. ಅಗಲವಾದ ತಗ್ಗಿನಲ್ಲಿ ನಿಂತ ನೀರನ್ನು ಯಾದಗಿರಿಯ ಬಿಸಿಲು ಸಂಕ್ರಾಂತಿ ಕಳೆಯುತ್ತಲೇ ಎತ್ತಿಬಿಡುತ್ತದೆ. ಆಳವಾಗಿ, ಎರಡು ಬಂಡೆಗಳ ನೆರಳಲ್ಲಿ ಇರುವ ಹೊಂಡದಲ್ಲಿ ಬೇಸಿಗೆಯಲ್ಲೂ ಹಸಿರು ನೀರು ಉಳಿದಿರುತ್ತದೆ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು ಇರಬೇಕು; ಜಿಪುಣನ ಹಗೇವಿನ ಹಾಗೆ. ಹಗೇವಿನಲ್ಲಿ ಜೋಳ ಕೂಡಿಟ್ಟ ಜನರಿಗೆ ನೀರು ಕೂಡಿಡುವುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಆ ನೀರು ಕುಡಿಯುವ ಹಾಗಿಲ್ಲ, ಪ್ಲಾಸ್ಟಿಕ್ ತೇಲುತ್ತಿರುತ್ತದೆ. ನಾಲ್ಕು ಬಾಟಲಿ ಹೊತ್ತು ತಂದವರೇ ಖಾಲಿ ಬಾಟಲಿಗಳನ್ನು ಹೊಂಡಕ್ಕೆ ಎಸೆದು ಇಳಿಯುತ್ತಾರೆ.

ಇನ್ನು ಹೊಳೆ. ಅಕ್ಟೋಬರಿನಿಂದ ಫೆಬ್ರುವರಿಯವರೆಗೆ, ಬೆಳಗಿನ ಏಳರ ಹೊತ್ತಿಗೆ ಮೇಲಿದ್ದರೆ ನೋಟ ಸರಿಯಾಗಿ ಸಿಗುತ್ತದೆ. ಬೆನ್ನ ಹಿಂದೆ ಸೂರ್ಯ, ಮುಂದೆ ಬಯಲಿನಲ್ಲಿ ಭೀಮೆ ಬಳಕುತ್ತಾ ಬಿದ್ದಿರುತ್ತಾಳೆ. ಮಲೆನಾಡಿನ ಹೊಳೆಗಳ ಗಲಾಟೆ ಇಲ್ಲಿಲ್ಲ. ಅಗಲವಾದ ಮೈ, ಅಲ್ಲಲ್ಲಿ ಮರಳು, ಅಲ್ಲಲ್ಲಿ ಕಲ್ಲಿನ ದಿಬ್ಬ, ಶಹಾಪುರಕ್ಕೆ ಹೋಗುವ ರಸ್ತೆಯ ಸೇತುವೆ, ಅದರ ಮೇಲೆ ಇರುವೆಯ ಹಾಗೆ ಸರಿಯುವ ಬಸ್ಸು. ದಂಡೆಯ ಮೇಲೆ ಕಂಗಳೇಶ್ವರ, ವೀರಾಂಜನೇಯ ಗುಡಿಗಳು. ಊರಿನವರಿಗೆ ಆ ಗುಡಿಗಳೇ ಪ್ರವಾಹದ ಅಳತೆಗೋಲು. ಗುಡಿಯೊಳಗೆ ನೀರು ಬಂತೆಂದರೆ ಮೇಲೆ ಎಲ್ಲೋ ಬಹಳ ಬಿಟ್ಟಿದ್ದಾರೆ ಎಂದರ್ಥ.

ಆ "ಮೇಲೆ ಎಲ್ಲೋ" ಎಂಬುದೇ ಭೀಮೆಯ ಗ್ರಹಚಾರ. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ 861 ಕಿಲೋಮೀಟರ್ ಹರಿಯುವ ಹೊಳೆ ಇದು. ಪಂಢರಪುರದಲ್ಲಿ ಇದೇ ಚಂದ್ರಭಾಗಾ. ವಿಠ್ಠಲನ ಕಾಲು ತೊಳೆದ ನೀರೇ ಗಾಣಗಾಪುರದ ದತ್ತನ ಹತ್ತಿರ ಹಾದು, ಸನ್ನತಿಯ ಚಂದ್ರಲಾಂಬೆಗೆ ಕೈಮುಗಿದು ಇಲ್ಲಿಗೆ ಬರುತ್ತದೆ. ಇಷ್ಟೆಲ್ಲ ಪುಣ್ಯ ಮಾಡಿ ಬಂದ ನೀರು ಯಾದಗಿರಿಗೆ ಯಾವಾಗ ಬರಬೇಕು, ಎಷ್ಟು ಬರಬೇಕು ಎಂಬುದನ್ನು ದೇವರುಗಳು ನಿರ್ಧರಿಸುವುದಿಲ್ಲ. ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟು ನಿರ್ಧರಿಸುತ್ತದೆ. 1980ರಲ್ಲಿ ಮುಗಿದ ಆ ಜಲಾಶಯದ ಹೊಟ್ಟೆಯಲ್ಲಿ ಸುಮಾರು 117 ಟಿಎಂಸಿ ನೀರು ಹಿಡಿಯುತ್ತದೆ. ಅದು ತುಂಬುವವರೆಗೆ ಇಲ್ಲಿ ಮರಳು. ತುಂಬಿ ಬಾಗಿಲು ತೆರೆದರೆ ಇಲ್ಲಿ ಮಹಾಪೂರ. ಹೊಳೆಯ ದಾರಿಯುದ್ದಕ್ಕೂ ಸೊನ್ನ, ಸನ್ನತಿ, ಗುರುಸಣಗಿ, ಜೋಳದಡಗಿ ಬ್ಯಾರೇಜುಗಳು ಇದ್ದಷ್ಟು ನೀರನ್ನು ತಡೆದು ಇಟ್ಟುಕೊಳ್ಳುತ್ತವೆ. ಗುಡ್ಡದ ಮೇಲಿನ ಹೊಂಡದ ಲೆಕ್ಕವೇ, ಗಾತ್ರ ದೊಡ್ಡದು ಅಷ್ಟೆ.

2020ರ ಅಕ್ಟೋಬರಿನಲ್ಲಿ ಕಲಬುರಗಿ, ಯಾದಗಿರಿ ಜಿಲ್ಲೆಗಳ ಭೀಮಾ ತೀರದ ಹಳ್ಳಿಗಳು ನೀರೊಳಗೆ ನಿಂತವು. ಸೋಯಾ, ತೊಗರಿ, ಹತ್ತಿ, ಮನೆಯೊಳಗಿನ ಕಾಳುಕಡಿ ಎಲ್ಲ ಹೋಯಿತು. ಅಂಥ ದಿನ ಗುಡ್ಡ ಹತ್ತಿದರೆ ಹೊಳೆಗೂ ಹೊಲಕ್ಕೂ ನಡುವಿನ ಗೆರೆಯೇ ಕಾಣುವುದಿಲ್ಲ, ಬರೀ ಕೆಂಪು ನೀರಿನ ಬಯಲು. ಆರು ತಿಂಗಳು ಬಿಟ್ಟು ಬನ್ನಿ. ಅದೇ ಜಾಗದಲ್ಲಿ ಕುರಿ ಮೇಯುತ್ತಿರುತ್ತವೆ. ಒಂದೇ ನದಿಗೆ ಎರಡು ಮುಖ ಎಂದು ಕವಿತೆ ಮಾಡಬಹುದಾದ ವಿಷಯವೇ. ಆದರೆ ಎರಡೂ ಮುಖ ನೋಡಿ ಬೆಳೆ ಇಡುವವನಿಗೆ ಅದು ಕವಿತೆಯಲ್ಲ, ಸಾಲದ ಚೀಟಿ.

ಸೇತುವೆಯಾಚೆಯ ನೆಲದ ಕಥೆ ಇನ್ನೂ ವಿಚಿತ್ರ. ಇಲ್ಲಿಂದ ಶಹಾಪುರಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್, ಅದರಾಚೆ ಸುರಪುರ, ಅದರಾಚೆ ಕೃಷ್ಣಾ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ರಾಯಚೂರು ತಾಲ್ಲೂಕಿನಲ್ಲಿ ಎರಡೂ ಕೂಡುವವರೆಗೆ ನಡುವಿನದು ದೋಆಬ್. 1871ರಲ್ಲಿ ರಾಯಚೂರು ಮುಟ್ಟಿದ ಮುಂಬೈ ರೈಲು ಯಾದಗಿರಿಯಿಂದ ಭೀಮೆಯ ಎಡಗಡೆಯೇ ಸಾಗಿ, ಎರಡು ಹೊಳೆಗಳು ಒಂದಾದ ಮೇಲೆ ಒಂದೇ ಸೇತುವೆಯಲ್ಲಿ ಎರಡನ್ನೂ ದಾಟಿಕೊಂಡಿತು. ರೈಲ್ವೆಯವರ ಕಾಸಿನ ಬುದ್ಧಿಗೆ ಮೆಚ್ಚಬೇಕು. ಆದರೆ ಎರಡು ಹೊಳೆಗಳ ನಡುವೆ ಕೂತ ಜನರಿಗೆ ಮಾತ್ರ ಎರಡೂ ದೂರವೇ. ಹೊಳೆ ತಗ್ಗಿನಲ್ಲಿ, ಹೊಲ ಎತ್ತರದಲ್ಲಿ. ನೀರು ಮೇಲಕ್ಕೆ ಹರಿಯದು.

ಹಾಗಾದರೆ ಇಲ್ಲಿ ಮನುಷ್ಯ ಬದುಕಿದ್ದು ಹೇಗೆ? ಬಹಳ ಹಿಂದಕ್ಕೆ ಹೋಗಿ ನೋಡಬಹುದು. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆದು ತೆಗೆದ ಕಲ್ಲಿನ ಕೊಡಲಿಗಳ ಕಾರ್ಖಾನೆ ಸುಮಾರು 12 ಲಕ್ಷ ವರ್ಷ ಹಳೆಯದು. ಸುಣ್ಣಕಲ್ಲಿನ ಚಪ್ಪಡಿ ಕಿತ್ತು, ಅಲ್ಲೇ ಕೂತು ಚೆಕ್ಕೆ ಹಾರಿಸಿ ಹತ್ಯಾರು ಮಾಡುತ್ತಿದ್ದರು. ಹುಣಸಗಿ, ಬೈಚಬಾಳ ಕಣಿವೆಗಳ ಅಂಥ ನೆಲೆಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿದಾಗ ಪದ್ದಯ್ಯನವರಿಗೆ ಕಂಡದ್ದು ಒಂದು ಸ್ವಾರಸ್ಯ: ಬೇಸಿಗೆಯಲ್ಲಿ ಆ ಆದಿಮಾನವರು ಸೇರುತ್ತಿದ್ದುದು ಊಟೆಯ ನೀರು ಜಿನುಗುವ ಹಳ್ಳಗಳ ಬದಿಯಲ್ಲಿ. ಕೈಗೆ ಸಿಗುವ ಸಣ್ಣ ನೀರನ್ನು ನಂಬುವ ರೂಢಿ ಈ ಸೀಮೆಗೆ ಆಗಿನಿಂದ ಬಂದದ್ದು. ಅದರಾಚೆ ಬೂದಿಹಾಳ, ಹೆಸರಲ್ಲೇ ಬೂದಿ. ನವಶಿಲಾಯುಗದ ದನಗಾಹಿಗಳು ಸಗಣಿ ರಾಶಿ ಹಾಕಿ ಸುಟ್ಟ ಬೂದಿಯ ದಿಬ್ಬ ಅಲ್ಲಿದೆ, ನಾಲ್ಕು ಸಾವಿರ ವರ್ಷಕ್ಕೂ ಹಿಂದಿನದು.

ಸುರಪುರವನ್ನು ಆಳಿದ ನಾಯಕರದೂ ಅದೇ ಜಾಡು. ಬೋನಾಳದ ಕೆರೆ ಅವರ ಕಾಲದ್ದು. ಈಗ ಅದು ಪಕ್ಷಿಧಾಮ, ಚಳಿಗಾಲದಲ್ಲಿ ದೂರದೇಶದ ಬಾತುಗಳು ಇಳಿಯುತ್ತವೆ. 1840ರ ದಶಕದಲ್ಲಿ ಬಾಲಕ ರಾಜ ವೆಂಕಟಪ್ಪನಾಯಕನ ಸಂಸ್ಥಾನವನ್ನು ನೋಡಿಕೊಳ್ಳಲು ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಆ ಕೆರೆಗೆ ಕೈಹಚ್ಚಿದ. ಅವನು ಗುಡ್ಡದ ಮೇಲೆ ಕಟ್ಟಿಸಿದ ಟೇಲರ್ ಮಂಜಿಲ್ ಸುರಪುರದಲ್ಲಿ ಇಂದಿಗೂ ಇದೆ. ಅದೇ ವೆಂಕಟಪ್ಪನಾಯಕ 1858ರಲ್ಲಿ ಬ್ರಿಟಿಷರ ಮೇಲೆ ಎದ್ದು, ಸೆರೆಸಿಕ್ಕಿ, ಆ ವರ್ಷವೇ ಗುಂಡಿನಿಂದ ಸತ್ತ. ಅದು ಬೇರೆಯೇ ಒಂದು ಲೇಖನದ ದುಃಖ.

ಯಾದಗಿರಿಯಿಂದ ಶಹಾಪುರಕ್ಕೆ ಹೋಗುವವರಿಗೆ ಒಂದು ಮಾತು. ಅಲ್ಲಿನ ಗುಡ್ಡವನ್ನು ದಯವಿಟ್ಟು ಹತ್ತಬೇಡಿ. ಹತ್ತುವ ಮೊದಲಾದರೂ ದೂರದಿಂದ ನೋಡಿ. ಭೀಮರಾಯನಗುಡಿ ಕಡೆಯ ರಸ್ತೆಯಲ್ಲಿ ನಿಂತರೆ ಗುಡ್ಡಗಳ ಸಾಲು ಅಂಗಾತ ಮಲಗಿದ ಬುದ್ಧನಾಗುತ್ತದೆ: ಹಣೆ, ಮೂಗು, ತುಟಿ, ಎದೆ. ಹತ್ತಿರ ಹೋದಷ್ಟೂ ಬುದ್ಧ ಕರಗಿ ಬರೀ ಕಲ್ಲು ಉಳಿಯುತ್ತದೆ. ಯಾದಗಿರಿಯಲ್ಲಿ ಹತ್ತಿದರೆ ಮಾತ್ರ ಹೊಳೆ. ಶಹಾಪುರದಲ್ಲಿ ಹತ್ತಿದರೆ ಬುದ್ಧನಿಲ್ಲ.

ಹತ್ತಿ ಗೆದ್ದು ಸೋತ ಒಬ್ಬ ದೊಡ್ಡ ಮನುಷ್ಯನೂ ಈ ದೋಆಬಿಗೆ ಬಂದಿದ್ದ. 1705ರಲ್ಲಿ, ಎಂಬತ್ತಾರರ ಔರಂಗಜೇಬ್, ಬೇಡ ನಾಯಕರ ವಾಗಿನಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಅವನು ಖುದ್ದಾಗಿ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ತಿಂಗಳುಗಟ್ಟಲೆ ಕಾದು ಒಳಗೆ ಹೋದರೆ ಕೋಟೆಯ ಒಡೆಯ ಪಿಡ್ಡನಾಯಕ ರಾತ್ರೋರಾತ್ರಿ ಜಾರಿಕೊಂಡಿದ್ದ. ಖಾಲಿ ಕೋಟೆ ಗೆದ್ದ ಬಾದಶಹ ಅಲ್ಲಿಂದ ಕೃಷ್ಣಾ ತೀರದ ದೇವಾಪುರದ ಬಿಡಾರಕ್ಕೆ ಹೋಗಿ ಕಾಯಿಲೆ ಬಿದ್ದ. ಎರಡು ವರ್ಷದಲ್ಲಿ ತೀರಿಕೊಂಡ.

ದೋಆಬಿನ ನೀರಿನ ಲೆಕ್ಕ ಬದಲಾದದ್ದು 1982ರಲ್ಲಿ, ಕೃಷ್ಣೆಗೆ ನಾರಾಯಣಪುರದಲ್ಲಿ ಬಸವಸಾಗರ ಕಟ್ಟಿ ಮುಗಿದ ಮೇಲೆ. ಹೊಳೆಯನ್ನು ಎತ್ತರದಲ್ಲಿ ನಿಲ್ಲಿಸಿ, ಎಡದಂಡೆ ಕಾಲುವೆಯಲ್ಲಿ ನಿಧಾನ ಇಳಿಸುತ್ತಾ ಸುರಪುರ, ಶಹಾಪುರದ ಹೊಲಗಳಿಗೆ ತಂದರು. ಜೋಳ, ಸಜ್ಜೆ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ ಬಂತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಬಂದವು. ಕಾಲುವೆಯ ಕೊನೆಯ ಭಾಗದವರಿಗೆ ನೀರು ಮುಟ್ಟುವುದಿಲ್ಲ ಎಂಬ ಕೂಗು ಪ್ರತಿ ವರ್ಷದ್ದು. ತಲೆಯಲ್ಲಿದ್ದವರು ಭತ್ತ ನಿಲ್ಲಿಸಿದರೆ ಬಾಲಕ್ಕೆ ತೊಗರಿಗೆ ಸಾಕಾಗುವಷ್ಟಾದರೂ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮೊದಲು ಯಾರು ನಿಲ್ಲಿಸಬೇಕು ಎಂಬುದು ಮಾತ್ರ ಗೊತ್ತಿಲ್ಲ. ಗುಡ್ಡ ಇರುವ ಈ ಕಡೆ, ಭೀಮೆಯ ಎಡಕ್ಕೆ, ಆ ಕಾಲುವೆ ದಾಟಿ ಬರುವುದೇ ಇಲ್ಲ. ದೀಪಾವಳಿ ಮುಗಿದ ಮೇಲೆ ಸ್ಟೇಷನ್ನಿಗೆ ಹೋಗಿ ನೋಡಿ. ಗೋಣಿಚೀಲ, ಪಾತ್ರೆಪಗಡೆ, ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೊರಟವರು ಬೆಂಗಳೂರು, ಪುಣೆ, ಮುಂಬೈ ಗಾಡಿ ಕಾಯುತ್ತಿರುತ್ತಾರೆ. ಭೀಮೆ ಬರುವ ದಾರಿಯನ್ನೇ ಹಿಡಿದು ಮೇಲಕ್ಕೆ ಹೋಗುವವರೂ ಅವರಲ್ಲಿ ಇರುತ್ತಾರೆ.

ಯಾದಗಿರಿ ಗುಡ್ಡಕ್ಕೆ ಹೋಗುವುದಾದರೆ ಸೀತಾಫಲದ ಕಾಲದಲ್ಲಿ ಹೋಗಿ, ಮಳೆ ಬಿಟ್ಟ ಮೇಲೆ. ಬಂಡೆ ಒದ್ದೆಯಿದ್ದರೆ ಪಾಚಿ ಜಾರುತ್ತದೆ, ಒಣಗುವವರೆಗೆ ಕಾಯಿರಿ. ಸಂಜೆ ಹತ್ತುವುದಾದರೆ ಕತ್ತಲಾಗುವ ಮುಂಚೆ ಇಳಿಯುವ ಲೆಕ್ಕ ಇರಲಿ. ತಲೆಗೆ ಟವೆಲ್ಲು, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು. ಗೋಡೆಯ ಅಂಚಿನಲ್ಲಿ ಬೆನ್ನು ತಿರುಗಿಸಿ ಸೆಲ್ಫಿ ಬೇಡ. ಆ ಗೋಡೆಗಳು ಹೊರಗಿನವರನ್ನು ಬೀಳಿಸಲು ಕಟ್ಟಿದವು.

ಕಳೆದ ಡಿಸೆಂಬರಿನಲ್ಲಿ ಇಳಿದು ಬಂದಾಗ ಎಂಟೂವರೆ. ಸುಸಲಾ, ಮಿರ್ಚಿ ಭಜಿಯ ವಾಸನೆ ಹಿಡಿದು ಒಂದು ಸಣ್ಣ ಹೋಟೆಲ್ಲಿಗೆ ನುಗ್ಗಿದೆ. ಕೂರುವ ಮೊದಲೇ ಹುಡುಗ ಸ್ಟೀಲ್ ಲೋಟದಲ್ಲಿ ನೀರು ತಂದಿಟ್ಟ. ಒಂದೇ ಗುಟುಕಿಗೆ ಕುಡಿದು ಇನ್ನೊಂದು ಕೇಳಿದೆ. ತಣ್ಣಗಿತ್ತು, ಸಿಹಿ ಇತ್ತು. ಮುಂಜಾನೆಯೆಲ್ಲ ಮೇಲೆ ಕೂತು ನೋಡಿದ ಹೊಳೆ ಕಣ್ಣಲ್ಲೇ ಇತ್ತಲ್ಲ, ಕೇಳಿಯೇಬಿಟ್ಟೆ:

"ಹೊಳಿ ನೀರೇನೋ ತಮ್ಮಾ?"

ಅವನು ಮೂಲೆಯಲ್ಲಿ ಬೋರಲು ಹಾಕಿದ್ದ ಇಪ್ಪತ್ತು ಲೀಟರಿನ ನೀಲಿ ಕ್ಯಾನು ತೋರಿಸಿದ.

"ಇಲ್ರೀ ಸರ್, ಫಿಲ್ಟರ್ ನೀರದ. ಹೊಳಿ ನೀರು ಭಾಂಡಿ ತೊಳ್ಯಾಕ."